ಅಮೆರಿಕ ತೆರವು ಮಾಡಿದ ಜಾಗ: ಜಾಗತಿಕ ಆರೋಗ್ಯದಲ್ಲಿ ಜಪಾನ್ ಏನು ಮಾಡಬಲ್ಲದು?

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಡೊನಾಲ್ಡ್ ಟ್ರಂಪ್ ಅವರು ವಿಶ್ವ ಆರೋಗ್ಯ ಸಂಸ್ಥೆಯಿಂದ ಅಮೆರಿಕ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ಒಂದು ವರ್ಷದ ನೋಟಿಸ್ ಅವಧಿ 2026ರ ಜನವರಿ 22ಕ್ಕೆ ಮುಗಿಯಿತು. ಈ ನಡುವೆ, ಬಡ ದೇಶಗಳ ಆರೋಗ್ಯ ಯೋಜನೆಗಳಿಗೆ ದಶಕಗಳಿಂದ ಹಣ ಹರಿಸುತ್ತಿದ್ದ, ಅಮೆರಿಕ ಸರ್ಕಾರದ ನೆರವಿನ ಸಂಸ್ಥೆ ಯುಎಸ್‌ಏಡ್ ಕೂಡ ಮುಚ್ಚಿತು. ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ವೇಳೆಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿತು. ಇದೇ ಹೊತ್ತಿನಲ್ಲಿ ಜಪಾನ್ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ ಜೊತೆಗೂಡಿ, 'ಎಲ್ಲರಿಗೂ ಆರೋಗ್ಯ ರಕ್ಷಣೆ'ಯ ಅನುಭವವನ್ನು ಬೇರೆ ದೇಶಗಳ ಅಧಿಕಾರಿಗಳಿಗೆ ಕಲಿಸುವ ಕೇಂದ್ರವನ್ನು ಟೋಕಿಯೋದಲ್ಲಿ ಕಟ್ಟಲು ಮುಂದಾಯಿತು.

ಒಂದು ಕಡೆ ಶ್ರೀಮಂತ ರಾಷ್ಟ್ರಗಳು ಕೈತೊಳೆದುಕೊಳ್ಳುತ್ತಿರುವ ಸುದ್ದಿ, ಇನ್ನೊಂದು ಕಡೆ ಹೊಸ ಕೇಂದ್ರದ ಸುದ್ದಿ. ಎರಡನ್ನೂ ಒಟ್ಟಿಗೆ ಓದಿದವರಿಗೆ ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬುತ್ತಿದ್ದಾರೆ ಎನಿಸುವುದು ಸಹಜ. ಆದರೆ ಲೆಕ್ಕ ಹಾಗಿಲ್ಲ. ಜಪಾನ್ ಅಮೆರಿಕದ ಜಾಗವನ್ನು ತುಂಬಲಾರದು. ತನ್ನದೇ ಜಾಗವನ್ನು ಮಾತ್ರ ಅದು ಇನ್ನಷ್ಟು ಗಟ್ಟಿ ಮಾಡಿಕೊಳ್ಳಬಲ್ಲದು, ಅದಕ್ಕೂ ಅದು ತನ್ನ ಕೆಲವು ಹಳೆಯ ರೂಢಿಗಳನ್ನು ಬಿಡಬೇಕಾಗುತ್ತದೆ.

ಕೊರತೆಯ ಅಳತೆ

ವಿಶ್ವ ಆರೋಗ್ಯ ಸಂಸ್ಥೆಗೆ ಎರಡು ಬಗೆಯ ಹಣ ಬರುತ್ತದೆ. ಸದಸ್ಯ ರಾಷ್ಟ್ರಗಳು ತಮ್ಮ ಆರ್ಥಿಕ ಶಕ್ತಿಗೆ ತಕ್ಕಂತೆ ಕೊಡಲೇಬೇಕಾದ ಕಡ್ಡಾಯ ವಂತಿಗೆ ಒಂದು, ರಾಷ್ಟ್ರಗಳೂ ದತ್ತಿಸಂಸ್ಥೆಗಳೂ ತಾವಾಗಿ ಕೊಡುವ ದೇಣಿಗೆ ಇನ್ನೊಂದು. ಕಡ್ಡಾಯ ವಂತಿಗೆ ಒಟ್ಟು ಬಜೆಟ್ಟಿನ ಐದರಲ್ಲಿ ಒಂದು ಪಾಲನ್ನೂ ಮುಟ್ಟದ ಸ್ಥಿತಿ ಬಹುಕಾಲ ಇತ್ತು. ಉಳಿದದ್ದು ಬಹುಪಾಲು 'ಈ ಹಣ ಈ ಕೆಲಸಕ್ಕೇ' ಎಂಬ ಷರತ್ತು ಹೊತ್ತ ದೇಣಿಗೆ. ಹೀಗಾಗಿ ಪೋಲಿಯೋ ಕೆಲಸಕ್ಕೆ ಹಣ ಇದ್ದಾಗಲೂ, ಹೊಸ ರೋಗವೊಂದು ಎಲ್ಲಿ ತಲೆಯೆತ್ತುತ್ತಿದೆ ಎಂದು ನೋಡುವ ಸಿಬ್ಬಂದಿಗೆ ಸಂಬಳ ಕೊಡಲು ಹಣವಿಲ್ಲದ ಸ್ಥಿತಿ ಬರಬಹುದು. ಈ ದೋಷವನ್ನು ಸರಿಪಡಿಸಲೆಂದು ಕಡ್ಡಾಯ ವಂತಿಗೆಯ ಪಾಲನ್ನು ಹಂತಹಂತವಾಗಿ ಮೂಲ ಬಜೆಟ್ಟಿನ ಅರ್ಧದಷ್ಟಕ್ಕೆ ಏರಿಸಬೇಕೆಂದು ಸದಸ್ಯ ರಾಷ್ಟ್ರಗಳು 2022ರಲ್ಲಿ ಒಪ್ಪಿದವು. 2025ರ ಮೇ ತಿಂಗಳ ಸಭೆಯಲ್ಲಿ ಶೇ 20ರ ಇನ್ನೊಂದು ಏರಿಕೆಗೆ ಒಪ್ಪಿಗೆ ಸಿಕ್ಕಿತು.

ಆದರೆ ಏರಿಕೆಯ ಲಾಭಕ್ಕಿಂತ ಕೊರತೆಯೇ ದೊಡ್ಡದಾಯಿತು. 2022-23ರ ಎರಡು ವರ್ಷಗಳಲ್ಲಿ ಅಮೆರಿಕ ಒಂದೇ ಸುಮಾರು 128 ಕೋಟಿ ಡಾಲರ್ ಕೊಟ್ಟಿತ್ತು. ಆ ಆಸರೆ ತಪ್ಪಿದ್ದರಿಂದ 2026-27ರ ಬಜೆಟ್ಟನ್ನು ಮೊದಲು ಯೋಚಿಸಿದ್ದ 530 ಕೋಟಿ ಡಾಲರ್‌ನಿಂದ 420 ಕೋಟಿಗೆ ಇಳಿಸಬೇಕಾಯಿತು. ಕಡ್ಡಾಯ ವಂತಿಗೆಗೆ ಆಧಾರವಾಗಿರುವ ವಿಶ್ವಸಂಸ್ಥೆಯ ಈಗಿನ ಪಟ್ಟಿಯಲ್ಲಿ ಅಮೆರಿಕದ ಪಾಲು ಶೇ 22, ಚೀನಾದ್ದು ಶೇ 20, ಜಪಾನಿನದು ಶೇ 7ರ ಹತ್ತಿರ. ಪಟ್ಟಿಯಲ್ಲಿ ಮೂರನೆಯ ಸ್ಥಾನವಾದರೂ ಮೊದಲೆರಡಕ್ಕೂ ಮೂರನೆಯದಕ್ಕೂ ನಡುವೆ ದೊಡ್ಡ ಕಂದರವೇ ಇದೆ. ಐದು ವರ್ಷಗಳಲ್ಲಿ 50 ಕೋಟಿ ಡಾಲರ್ ಕೊಡುವುದಾಗಿ ಚೀನಾ ಘೋಷಿಸಿದ್ದು ಕೂಡ ಅಮೆರಿಕ ಎರಡು ವರ್ಷಗಳಲ್ಲಿ ಕೊಡುತ್ತಿದ್ದ ಮೊತ್ತದ ಅರ್ಧಕ್ಕಿಂತ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಹೊರಗೂ ಪರಿಸ್ಥಿತಿ ಹೀಗೆಯೇ ಇದೆ. ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧ ಕೆಲಸ ಮಾಡುವ ಗ್ಲೋಬಲ್ ಫಂಡ್ 2022ರಲ್ಲಿ 1,570 ಕೋಟಿ ಡಾಲರ್ ವಾಗ್ದಾನ ಪಡೆದಿತ್ತು. 2025ರ ನವೆಂಬರ್‌ನಲ್ಲಿ 1,800 ಕೋಟಿ ಕೇಳಿದಾಗ ಸಭೆಯಲ್ಲಿ ಸಿಕ್ಕಿದ್ದು ಸುಮಾರು 1,134 ಕೋಟಿ.

ಕೋಫು ಕಣಿವೆಯ ಗದ್ದೆಗಳು

ಜಪಾನಿನ ಮಾತಿಗೆ ಈ ಕ್ಷೇತ್ರದಲ್ಲಿ ಬೆಲೆ ಯಾಕೆ ಎಂದು ತಿಳಿಯಲು ಅದರ ಹಣಕ್ಕಿಂತ ಮೊದಲು ಅದರ ರೋಗಗಳ ಚರಿತ್ರೆಯನ್ನು ನೋಡಬೇಕು. ಟೋಕಿಯೋಗೆ ಪಶ್ಚಿಮದಲ್ಲಿರುವ ಯಾಮಾನಾಶಿ ಪ್ರಾಂತ್ಯದ ಕೋಫು ಕಣಿವೆಯಲ್ಲಿ ಗದ್ದೆಗಿಳಿದ ರೈತರ ಹೊಟ್ಟೆ ಊದಿಕೊಂಡು, ಮೈಕೈ ಸೊರಗಿ, ಕೊನೆಗೆ ಪ್ರಾಣವೇ ಹೋಗುವ ಕಾಯಿಲೆಯೊಂದು ತಲೆಮಾರುಗಳಿಂದ ಕಾಡುತ್ತಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. 1897ರಲ್ಲಿ ಸುಗಿಯಾಮಾ ನಾಕಾ ಎಂಬ ರೈತ ಮಹಿಳೆ, ತಾನು ಸತ್ತ ಮೇಲೆ ದೇಹವನ್ನು ಕೊಯ್ದು ಕಾರಣ ಹುಡುಕಿ ಎಂದು ವೈದ್ಯರಿಗೆ ಬರೆದುಕೊಟ್ಟರು. ಮರಣೋತ್ತರ ಪರೀಕ್ಷೆ ಎಂಬುದೇ ಹಳ್ಳಿಗರಿಗೆ ಭಯ ಹುಟ್ಟಿಸುತ್ತಿದ್ದ ಕಾಲವದು. 1904ರಲ್ಲಿ ರೋಗಕಾರಕ ಹುಳು ಪತ್ತೆಯಾಯಿತು. ಅದು ನೀರಿನಲ್ಲಿರುವ ಪುಟ್ಟ ಬಸವನಹುಳುವಿನೊಳಗೆ ಬೆಳೆದು, ಅಲ್ಲಿಂದ ಹೊರಬಂದು, ಗದ್ದೆಯಲ್ಲಿ ನಿಂತವರ ಚರ್ಮವನ್ನು ಕೊರೆದು ಒಳಸೇರುತ್ತದೆ ಎಂಬುದು 1913ರಲ್ಲಿ ಸ್ಪಷ್ಟವಾಯಿತು. ಇಂದು ಶಿಸ್ಟೊಸೋಮಿಯಾಸಿಸ್ ಎಂದು ಕರೆಯುವ ರೋಗ ಇದೇ.

ಕಾರಣ ತಿಳಿದ ಮೇಲೂ ರೋಗವನ್ನು ಓಡಿಸಲು ಎಂಟು ದಶಕಗಳೇ ಬೇಕಾದವು. ಊರಿನವರು ಬಸವನಹುಳುಗಳನ್ನು ಒಂದೊಂದಾಗಿ ಆರಿಸಿದರು. ನಿಂತ ನೀರನ್ನು ಇಷ್ಟಪಡುವ ಆ ಹುಳು ನೆಲೆ ನಿಲ್ಲದಂತೆ ಮಣ್ಣಿನ ಕಾಲುವೆಗಳಿಗೆ ಕಾಂಕ್ರೀಟ್ ಹಾಕಿ ನೀರು ರಭಸವಾಗಿ ಹರಿಯುವಂತೆ ಮಾಡಲಾಯಿತು, ಎಷ್ಟೋ ಗದ್ದೆಗಳು ಹಣ್ಣಿನ ತೋಟಗಳಾದವು. ರೋಗ ಇನ್ನಿಲ್ಲ ಎಂದು ಯಾಮಾನಾಶಿ ಘೋಷಿಸಿದ್ದು 1996ರಲ್ಲಿ. ಇದರ ಜೊತೆಗೆ, ಯುದ್ಧದಲ್ಲಿ ಸೋತು ಬಡವಾಗಿದ್ದ ದೇಶ 1948ರಲ್ಲೇ ಗರ್ಭಿಣಿಯ ಮತ್ತು ಮಗುವಿನ ಆರೋಗ್ಯವನ್ನು ಒಂದೇ ಪುಸ್ತಕದಲ್ಲಿ ದಾಖಲಿಸುವ ಕ್ರಮವನ್ನು ತಂದಿತು. ನಮ್ಮ ತಾಯಿ ಕಾರ್ಡನ್ನು ನೆನಪಿಸುವ ಈ ಪುಸ್ತಕ ಇಂಡೋನೇಷ್ಯಾವೂ ಸೇರಿದಂತೆ ಹಲವು ದೇಶಗಳಿಗೆ ಹೋಗಿದೆ. 1961ರಲ್ಲಿ ಪ್ರತಿಯೊಬ್ಬ ನಿವಾಸಿಯೂ ಒಂದಲ್ಲ ಒಂದು ಆರೋಗ್ಯ ವಿಮೆಯೊಳಗೆ ಬರುವ ವ್ಯವಸ್ಥೆ ಪೂರ್ಣಗೊಂಡಿತು. ಶ್ರೀಮಂತರಾದ ಮೇಲೆ ಎಲ್ಲರಿಗೂ ಚಿಕಿತ್ಸೆ ಕೊಟ್ಟೆವು ಎಂದಲ್ಲ, ಕೊಡುತ್ತಲೇ ಶ್ರೀಮಂತರಾದೆವು ಎಂದು ಹೇಳಬಲ್ಲ ದೇಶದ ಮಾತನ್ನು ಬಡ ದೇಶದ ಹಣಕಾಸು ಸಚಿವರು ಕಿವಿಗೊಟ್ಟು ಕೇಳುತ್ತಾರೆ.

ಶೃಂಗಸಭೆಗೊಂದು ಯೋಜನೆ

ಈ ಅನುಭವವನ್ನು ಜಪಾನ್ ರಾಜತಾಂತ್ರಿಕತೆಯಾಗಿ ಬಳಸತೊಡಗಿದ್ದು 1990ರ ದಶಕದ ಕೊನೆಯಲ್ಲಿ. ಪರಾವಲಂಬಿ ಹುಳುಗಳ ನಿಯಂತ್ರಣಕ್ಕೆ ಪ್ರಧಾನಿ ಹಾಶಿಮೊಟೊ ಪ್ರಮುಖ ರಾಷ್ಟ್ರಗಳ ಕೂಟವಾದ ಜಿ-8ರ ಸಭೆಗಳಲ್ಲಿ ಒತ್ತಾಯಿಸಿದರು. ಅದರ ಫಲವಾಗಿ ಥಾಯ್ಲೆಂಡ್, ಕೀನ್ಯಾ ಮತ್ತು ಘಾನಾದಲ್ಲಿ ತರಬೇತಿ ಕೇಂದ್ರಗಳಾದವು. 2000ದ ಒಕಿನಾವಾ ಶೃಂಗಸಭೆಯಲ್ಲಿ ಸಾಂಕ್ರಾಮಿಕ ರೋಗಗಳಿಗಾಗಿ ಐದು ವರ್ಷಗಳಲ್ಲಿ 300 ಕೋಟಿ ಡಾಲರ್ ಕೊಡುವುದಾಗಿ ಜಪಾನ್ ಘೋಷಿಸಿತು. ಅಲ್ಲಿ ಎದ್ದ ಚರ್ಚೆಯೇ 2002ರಲ್ಲಿ ಗ್ಲೋಬಲ್ ಫಂಡ್ ಹುಟ್ಟಲು ಒಂದು ಮುಖ್ಯ ಕಾರಣವಾಯಿತು. ಆ ನಿಧಿಯ ಸ್ವಂತ ಲೆಕ್ಕದ ಪ್ರಕಾರ ಈವರೆಗೆ ಉಳಿದ ಜೀವಗಳು 7 ಕೋಟಿ. ಮುಂದೆ 2008ರ ತೋಯಾಕೊ, 2016ರ ಇಸೆ-ಶಿಮಾ, 2019ರ ಒಸಾಕಾ, 2023ರ ಹಿರೋಶಿಮಾ, ಹೀಗೆ ತಾನು ಆತಿಥ್ಯ ವಹಿಸಿದ ಪ್ರತಿ ಸಭೆಯಲ್ಲೂ ಆರೋಗ್ಯವನ್ನು ಜಪಾನ್ ಕಾರ್ಯಸೂಚಿಗೆ ತಂದಿತು.

ಇದು ಮೆಚ್ಚುವಂಥ ನಿಷ್ಠೆ. ಆದರೆ ಜಪಾನಿನ ದೌರ್ಬಲ್ಯವೂ ಇಲ್ಲೇ ಇದೆ. ಅದು ಆತಿಥ್ಯ ವಹಿಸಿದ ವರ್ಷ ಉತ್ಸಾಹ ಏರುತ್ತದೆ, ಹೊಸ ಹೆಸರಿನ ಯೋಜನೆ ಹುಟ್ಟುತ್ತದೆ, ಮುಂದಿನ ಸರದಿ ಬರುವವರೆಗೆ ಅದರ ಬಿಸಿ ಆರುತ್ತದೆ. ಮಲೇರಿಯಾ ಸೊಳ್ಳೆಗೆ ಶೃಂಗಸಭೆಯ ಕ್ಯಾಲೆಂಡರ್ ಇಲ್ಲ. ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬೇಕಿರುವುದು ಪ್ರತಿ ವರ್ಷ, ಅದೇ ತಿಂಗಳಿಗೆ, ಅಷ್ಟೇ ಮೊತ್ತ ಬಂದೇ ಬರುತ್ತದೆ ಎಂಬ ಭರವಸೆ.

ಅಕ್ರಾದಲ್ಲಿ ಫಲಿಸಿದ ತಾಳ್ಮೆ

ಆ ಭರವಸೆ ಏನು ಮಾಡಬಲ್ಲದು ಎಂಬುದಕ್ಕೆ ಉದಾಹರಣೆ ಜಪಾನಿನ ಕೆಲಸದಲ್ಲೇ ಸಿಗುತ್ತದೆ. ಹಳದಿ ಜ್ವರದ ಸಂಶೋಧನೆಗೆಂದು ಹೋಗಿ 1928ರಲ್ಲಿ ಅದೇ ಜ್ವರಕ್ಕೆ ಘಾನಾದ ಈಗಿನ ರಾಜಧಾನಿ ಅಕ್ರಾದಲ್ಲಿ ಬಲಿಯಾದ ವಿಜ್ಞಾನಿ ಹಿದೆಯೊ ನೊಗುಚಿ ಅವರ ನೆನಪಿನಲ್ಲಿ, 1979ರಲ್ಲಿ ಜಪಾನಿನ ನೆರವಿನಿಂದ ಘಾನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಸಂಶೋಧನಾ ಸಂಸ್ಥೆಯೊಂದು ಆರಂಭವಾಯಿತು. ಕಟ್ಟಡ ಕೊಟ್ಟು ಕೈಬಿಡಲಿಲ್ಲ. ಉಪಕರಣ, ತರಬೇತಿ, ಜಂಟಿ ಸಂಶೋಧನೆ ಎಲ್ಲವೂ ನಾಲ್ಕು ದಶಕ ಮುಂದುವರಿದವು. ಕ್ರಮೇಣ ಸಂಸ್ಥೆಯನ್ನು ನಡೆಸುವವರು ಘಾನಾದ ವಿಜ್ಞಾನಿಗಳೇ ಆದರು. 2020ರಲ್ಲಿ ಕೋವಿಡ್ ಬಂದಾಗ, ಆರಂಭದ ತಿಂಗಳುಗಳಲ್ಲಿ ಆ ದೇಶದ ಪಿಸಿಆರ್ ಪರೀಕ್ಷೆಗಳ ಬಹುಪಾಲು ನಡೆದದ್ದು ಇದೇ ಪ್ರಯೋಗಾಲಯದಲ್ಲಿ. ಯಂತ್ರವನ್ನು ತುರ್ತಾಗಿ ವಿಮಾನದಲ್ಲಿ ಕಳಿಸಬಹುದು, ಅದನ್ನು ನಡೆಸಬಲ್ಲ ನುರಿತ ಕೈಗಳನ್ನು ಕಳಿಸಲಾಗುವುದಿಲ್ಲ.

ಇದಕ್ಕೆ ಹೋಲಿಸಿದರೆ ತುರ್ತಿನ ನೆರವಿನ ಕಷ್ಟ ಅರ್ಥವಾಗುತ್ತದೆ. ಕಾಂಗೋದಲ್ಲಿ ಸಿಡುಬಿನ ಜಾತಿಗೇ ಸೇರಿದ ಎಂಪಾಕ್ಸ್ ರೋಗ ಹರಡಿದಾಗ, 2024ರಲ್ಲಿ ಜಪಾನ್ ತನ್ನಲ್ಲಿದ್ದ ಎಲ್‌ಸಿ-16 ಎಂಬ ಸಿಡುಬಿನ ಲಸಿಕೆಯ ಸುಮಾರು 30 ಲಕ್ಷ ಡೋಸ್ ಕೊಡಲು ಒಪ್ಪಿತು. ಒಂದೇ ಡೋಸ್ ಸಾಕು, ಮಕ್ಕಳಿಗೂ ಕೊಡಬಹುದು ಎಂಬುದು ಅದರ ದೊಡ್ಡ ಗುಣ, ಏಕೆಂದರೆ ಅಲ್ಲಿ ರೋಗ ಹೆಚ್ಚು ತಟ್ಟಿದ್ದು ಮಕ್ಕಳಿಗೇ. ಆದರೆ ಆ ಲಸಿಕೆಯನ್ನು ಸಾಮಾನ್ಯ ಸಿರಿಂಜಿನಲ್ಲಿ ಚುಚ್ಚುವಂತಿಲ್ಲ. ತುದಿಯಲ್ಲಿ ಎರಡು ಕವಲಾದ ಸೂಜಿಯನ್ನು ಲಸಿಕೆಯಲ್ಲಿ ಅದ್ದಿ, ತೋಳಿನ ಚರ್ಮದ ಮೇಲೆ ಮತ್ತೆ ಮತ್ತೆ ಚುಚ್ಚಬೇಕು. ಸಿಡುಬು ನಿರ್ಮೂಲನೆಯಾದ ಮೇಲೆ ಕೆಲಸಕ್ಕೆ ಸೇರಿದ ತಲೆಮಾರಿನ ಆರೋಗ್ಯ ಸಿಬ್ಬಂದಿಗೆ ಈ ಕೌಶಲ ಗೊತ್ತಿಲ್ಲ. ಹಾಗಾಗಿ ಕಾನೂನು ಒಪ್ಪಂದ, ತುರ್ತು ಬಳಕೆಯ ಮಾನ್ಯತೆ, ಸೂಜಿ, ತರಬೇತಿ ಎಲ್ಲವೂ ಕೂಡಿಬರುವವರೆಗೆ ಲಸಿಕೆ ಇದ್ದೂ ಕಾಯಬೇಕಾಯಿತು. ಈ ಸಿದ್ಧತೆ ರೋಗ ಬರುವ ಮೊದಲೇ ಆಗಿರಬೇಕಾದ ಕೆಲಸ.

ಸಾಲವೋ ಅನುದಾನವೋ

ಬ್ರಿಟನ್ ಮತ್ತು ಅಮೆರಿಕದ ಆರೋಗ್ಯ ನೆರವು ಹೆಚ್ಚಾಗಿ ಅನುದಾನದ ರೂಪದ್ದು. ಜಪಾನಿನ ಒಟ್ಟು ನೆರವಿನಲ್ಲಿ ಮೊದಲಿನಿಂದಲೂ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲದ ಪಾಲು ದೊಡ್ಡದು, ಮತ್ತು ಅದು ರಸ್ತೆ, ರೈಲು, ವಿದ್ಯುತ್, ನೀರು ಇವುಗಳಿಗೆ ಹೋಗುತ್ತದೆ. ಕನ್ನಡಿಗರಿಗೆ ಇದರ ಹತ್ತಿರದ ಉದಾಹರಣೆ ಕಾವೇರಿ ಐದನೇ ಹಂತ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ, ಬೆಂಗಳೂರಿನ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡಲು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಕಟ್ಟಿದ ಈ ಯೋಜನೆಗೆ ಜಪಾನ್ ಸರ್ಕಾರದ ವಿದೇಶಿ ನೆರವಿನ ಸಂಸ್ಥೆಯಾದ ಜೈಕಾದ ಸಾಲವಿದೆ. ಲೆಕ್ಕದ ಪುಸ್ತಕದಲ್ಲಿ ಇದು ಮೂಲಸೌಕರ್ಯ. ಆದರೆ ಟ್ಯಾಂಕರ್ ನೀರನ್ನೇ ನಂಬಿದ್ದ ಮನೆಗೆ ಶುದ್ಧೀಕರಿಸಿದ ನೀರು ನಲ್ಲಿಯಲ್ಲಿ ಬಂದರೆ ಅದರ ಮೊದಲ ಲಾಭ ಆ ಮನೆಯ ಮಗುವಿನ ಹೊಟ್ಟೆಗೆ. ಕೋಫುವಿನ ಕಾಂಕ್ರೀಟ್ ಕಾಲುವೆಯೂ ಇಂಥದ್ದೇ ಆಗಿತ್ತು.

ಸಾಲದ ಮಾರ್ಗವನ್ನು ಸಮರ್ಥಿಸುವವರು, ಸಾಲ ಪಡೆದ ಸರ್ಕಾರ ಯೋಜನೆಯನ್ನು ತನ್ನದೆಂದು ನೋಡಿಕೊಳ್ಳುತ್ತದೆ, ಹಾಗಾಗಿ ದಾನಿಯ ಮನಸ್ಸು ಬದಲಾದ ಕೂಡಲೇ ಕೆಲಸ ನಿಲ್ಲುವುದಿಲ್ಲ ಎನ್ನುತ್ತಾರೆ. ಯುಎಸ್‌ಏಡ್ ಮುಚ್ಚಿದ ರೀತಿಯನ್ನು ಕಂಡ ಮೇಲೆ ಈ ವಾದಕ್ಕೆ ತೂಕ ಬಂದಿದೆ. ವಿರೋಧಿಸುವವರು ಹೇಳುವುದೂ ಸತ್ಯವೇ: ಕರ್ನಾಟಕದಂಥ ರಾಜ್ಯ ಸಾಲ ತೀರಿಸಬಲ್ಲದು, ಈಗಾಗಲೇ ಸಾಲದಲ್ಲಿ ಮುಳುಗಿರುವ ದೇಶ ಲಸಿಕೆಗಾಗಿ ಸಾಲ ಮಾಡುವುದೆಂದರೆ ಇಂದಿನ ಮಗುವನ್ನು ಉಳಿಸಲು ನಾಳೆಯ ಶಾಲೆಯನ್ನು ಒತ್ತೆ ಇಟ್ಟಂತೆ.

ಎರಡರ ನಡುವೆ ಒಂದು ದಾರಿಯನ್ನು ಜಪಾನ್ ಈಗಾಗಲೇ ಪ್ರಯೋಗಿಸಿ ನೋಡಿದೆ. 2011ರಲ್ಲಿ ಪೋಲಿಯೋ ಲಸಿಕೆಗಾಗಿ ಪಾಕಿಸ್ತಾನಕ್ಕೆ ಜೈಕಾ ಸುಮಾರು 500 ಕೋಟಿ ಯೆನ್ ಸಾಲ ಕೊಟ್ಟಿತು. ಒಪ್ಪಿದ ಗುರಿಯಷ್ಟು ಲಸಿಕೆ ಕಾರ್ಯಕ್ರಮ ನಡೆದರೆ ಆ ಸಾಲವನ್ನು ಪಾಕಿಸ್ತಾನದ ಪರವಾಗಿ ಗೇಟ್ಸ್ ಫೌಂಡೇಶನ್ ತೀರಿಸುವುದು ಎಂಬುದು ಷರತ್ತು. ಗುರಿ ಮುಟ್ಟಿತು, ಸಾಲ ತೀರಿತು. 2014ರಲ್ಲಿ ನೈಜೀರಿಯಾಕ್ಕೂ ಇದೇ ಬಗೆಯ ಸಾಲ ಸಿಕ್ಕಿತು. ಫಲಿತಾಂಶ ಕೊಟ್ಟವರಿಗೆ ಸಾಲವೇ ಅನುದಾನವಾಗುವ ಈ ಕ್ರಮ ಅಷ್ಟು ವರ್ಷಗಳ ನಂತರವೂ ಬೆರಳೆಣಿಕೆಯ ಯೋಜನೆಗಳಲ್ಲೇ ಉಳಿದದ್ದು ವಿಷಾದದ ಸಂಗತಿ. ಜಪಾನ್ ಹೊಸ ಹೆಸರುಗಳನ್ನು ಹುಡುಕುವ ಬದಲು ಇದನ್ನು ಹತ್ತು ಪಟ್ಟು ಹಿಗ್ಗಿಸಬೇಕಿತ್ತು.

ಔಷಧ ಕಂಪನಿಗಳ ಪಾಲು

ಬಡವರ ರೋಗಕ್ಕೆ ಮಾರುಕಟ್ಟೆ ಇಲ್ಲ. ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಆರು ದಶಕ ಕಳೆದರೂ ಮಲೆನಾಡಿನವರು ಭರವಸೆಯ ಲಸಿಕೆಗಾಗಿ ಇಷ್ಟು ಕಾಲ ಕಾಯಬೇಕಾಗಿ ಬಂದದ್ದಕ್ಕೆ ಇದೇ ಒಂದು ದೊಡ್ಡ ಕಾರಣ. ಕೊಳ್ಳುವವರು ಕೆಲವೇ ಸಾವಿರ ಜನರಾದರೆ ಯಾವ ಕಂಪನಿಯೂ ತಾನಾಗಿ ಹಣ ಹೂಡುವುದಿಲ್ಲ. ಆ ನಷ್ಟವನ್ನು ಯಾರಾದರೂ ಹೊರಲೇಬೇಕು.

ಜಪಾನ್ 2013ರಲ್ಲಿ ಸರ್ಕಾರ, ದೇಶದ ಔಷಧ ಕಂಪನಿಗಳು ಮತ್ತು ಗೇಟ್ಸ್ ಫೌಂಡೇಶನ್ ಸೇರಿ ಕಟ್ಟಿದ ಜಿಎಚ್‌ಐಟಿ ನಿಧಿಯ ಮೂಲಕ ಈ ಹೊರೆಯನ್ನು ಹಂಚಿಕೊಂಡಿತು. ಕಂಪನಿಗಳು ತಮ್ಮ ರಾಸಾಯನಿಕ ಸಂಗ್ರಹವನ್ನು ಹೊರಗಿನ ಸಂಶೋಧಕರ ಪರೀಕ್ಷೆಗೆ ತೆರೆಯುವುದೂ ಇದರ ಭಾಗ. ಅದಕ್ಕೂ ಮೊದಲು ಸುಮಿತೊಮೊ ಕೆಮಿಕಲ್ ಕಂಪನಿ, ಕೀಟನಾಶಕವನ್ನು ನೂಲಿನೊಳಗೇ ಬೆರೆಸಿ ಒಗೆದರೂ ಅದು ಮತ್ತೆ ಮೇಲ್ಮೈಗೆ ಒಸರುವಂತೆ ಮಾಡಿದ ಸೊಳ್ಳೆಪರದೆಯ ತಂತ್ರಜ್ಞಾನವನ್ನು, ಟಾಂಜಾನಿಯಾದ ಅರುಶಾ ನಗರದ ಕಾರ್ಖಾನೆಯೊಂದಕ್ಕೆ ರಾಯಧನವಿಲ್ಲದೆ ಕೊಟ್ಟಿತ್ತು. ಪರದೆಯೂ ಬಂತು, ಅಲ್ಲಿನವರಿಗೆ ಉದ್ಯೋಗವೂ ಬಂತು.

ಆದರೆ ಇದೇ ಜಪಾನ್, ಕೋವಿಡ್ ಲಸಿಕೆಗಳ ಪೇಟೆಂಟ್ ಸಡಿಲಿಸಬೇಕೆಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲಿ ಕೇಳಿದಾಗ ಆರಂಭದಲ್ಲಿ ಇತರ ಶ್ರೀಮಂತ ರಾಷ್ಟ್ರಗಳ ಜೊತೆ ನಿಂತು ಒಪ್ಪಲಿಲ್ಲ. ಮುಂದಿನ ಸಾಂಕ್ರಾಮಿಕವನ್ನು ಎದುರಿಸಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2025ರ ಮೇ 20ರಂದು ಅಂಗೀಕರಿಸಿದ ಒಪ್ಪಂದದಲ್ಲೂ ಇದೇ ಜಗ್ಗಾಟವಿದೆ. ರೋಗಾಣುವಿನ ಮಾದರಿ ಮತ್ತು ಮಾಹಿತಿಯನ್ನು ಬಡ ದೇಶಗಳು ಕೂಡಲೇ ಹಂಚಿಕೊಳ್ಳಬೇಕು, ಪ್ರತಿಯಾಗಿ ಲಸಿಕೆ, ಔಷಧಗಳ ತಯಾರಕರು ಉತ್ಪಾದನೆಯ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸಬೇಕು, ಅದರಲ್ಲಿ ಅರ್ಧ ಉಚಿತವಾಗಿರಬೇಕು ಎಂಬುದು ಅದರ ತಿರುಳು. ವಿವರಗಳನ್ನು ನಿರ್ಧರಿಸುವ ಅನುಬಂಧವನ್ನು ಮಾತ್ರ ಮುಂದಿನ ಮಾತುಕತೆಗೆ ಬಿಡಲಾಯಿತು. ಮಾಹಿತಿ ಕೊಟ್ಟವರಿಗೆ ಲಸಿಕೆ ಕೊನೆಗೆ ಸಿಗುತ್ತದೆ ಎಂಬ ಅನುಭವ ಮರುಕಳಿಸಿದರೆ ಮುಂದಿನ ಸಲ ಮಾಹಿತಿ ತಡವಾಗಿ ಬರುತ್ತದೆ, ತಡವಾದರೆ ರೋಗ ಟೋಕಿಯೋವನ್ನೂ ಬೇಗ ಮುಟ್ಟುತ್ತದೆ. ತನ್ನ ಕಂಪನಿಗಳ ಹಿತ ಮತ್ತು ತನ್ನ ಜನರ ಹಿತ ಇಲ್ಲಿ ಬೇರೆಬೇರೆ ಎಂಬುದನ್ನು ಜಪಾನ್ ಸರ್ಕಾರ ಗುರುತಿಸಬೇಕು.

ಮನೆಯೊಳಗಿನ ತಕರಾರು

ಜಪಾನಿನ ಜನಸಂಖ್ಯೆಯಲ್ಲಿ 65 ದಾಟಿದವರು ಶೇ 29ರಷ್ಟಿದ್ದಾರೆ. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಎರಡು ಪಟ್ಟಿಗಿಂತ ಹೆಚ್ಚು. ಮೇಲಾಗಿ ಯೆನ್ ಕುಸಿದಿದೆ: 2012ರಲ್ಲಿ ಡಾಲರಿಗೆ 80 ಯೆನ್ ಆಸುಪಾಸಿನಲ್ಲಿದ್ದಾಗ 10,000 ಕೋಟಿ ಯೆನ್ ಎಂದರೆ 125 ಕೋಟಿ ಡಾಲರ್, ಡಾಲರಿಗೆ 150 ಯೆನ್ ಆದಾಗ ಅದೇ ಮೊತ್ತ 67 ಕೋಟಿ ಡಾಲರ್ ಮಾತ್ರ. ಜಪಾನಿನ ತೆರಿಗೆದಾರ ಅಷ್ಟೇ ಕೊಟ್ಟರೂ ಹೊರಗೆ ತಲುಪುವುದು ಅರ್ಧಕ್ಕಿಳಿಯುತ್ತದೆ. 'ಜಪಾನಿಗರು ಮೊದಲು' ಎಂಬ ಘೋಷಣೆಯ ಸಾನ್‌ಸೆಯ್ತೊ ಪಕ್ಷ 2025ರ ಜುಲೈ ಚುನಾವಣೆಯಲ್ಲಿ ಬಲ ಹೆಚ್ಚಿಸಿಕೊಂಡಿತು. ಮರು ತಿಂಗಳು, ಜಪಾನಿನ ನಾಲ್ಕು ನಗರಗಳನ್ನು ಆಫ್ರಿಕಾದ ನಾಲ್ಕು ದೇಶಗಳೊಂದಿಗೆ ಜೋಡಿಸುವ ಜೈಕಾ ಯೋಜನೆಯೊಂದು 'ವಲಸಿಗರನ್ನು ಕರೆತರುವ ಹುನ್ನಾರ' ಎಂಬ ಸುಳ್ಳು ಸುದ್ದಿಗೆ ಸಿಲುಕಿತು. ನಗರಸಭೆಗಳಿಗೆ ದೂರುಗಳು ಎಡೆಬಿಡದೆ ಬಂದವು. ಸೆಪ್ಟೆಂಬರ್‌ನಲ್ಲಿ ಯೋಜನೆಯನ್ನೇ ಹಿಂತೆಗೆದುಕೊಳ್ಳಲಾಯಿತು.

ಇಂಥ ಒತ್ತಡದಲ್ಲಿ ಟೋಕಿಯೋದ ಹಳೆಯ ಚರ್ಚೆ ಮತ್ತೆ ಬಿಸಿಯಾಗಿದೆ. ನೆರವಿನ ಮೇಲೆ ಜಪಾನಿನ ಬಾವುಟ ಕಾಣಬೇಕು, 'ಮುಖ ಕಾಣುವ ನೆರವು' ಬೇಕು ಎನ್ನುವವರು ಒಂದು ಕಡೆ. ಹಣವನ್ನು ವಿಶ್ವ ಆರೋಗ್ಯ ಸಂಸ್ಥೆ, ಗ್ಲೋಬಲ್ ಫಂಡ್‌ಗಳಂಥ ಸಾಮಾನ್ಯ ಹುಂಡಿಗೆ ಷರತ್ತಿಲ್ಲದೆ ಹಾಕಬೇಕು ಎನ್ನುವವರು ಇನ್ನೊಂದು ಕಡೆ. ಬಾವುಟದ ಪರ ಇರುವವರನ್ನು ಸಂಕುಚಿತರೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಜನರ ಕಣ್ಣಿಗೆ ಬೀಳದ ನೆರವಿನ ಪರವಾಗಿ ಚುನಾವಣೆಯಲ್ಲಿ ಯಾರೂ ಮಾತನಾಡುವುದಿಲ್ಲ. ಆದರೂ ಈ ಹೊತ್ತಿನಲ್ಲಿ ಎರಡನೆಯವರ ವಾದವೇ ಹೆಚ್ಚು ಸರಿ. ಷರತ್ತಿಲ್ಲದ ಹಣವೇ ಈಗ ಎಲ್ಲಕ್ಕಿಂತ ಕೊರತೆಯಾಗಿರುವುದು. ಕೊರತೆಯಿರುವ ಕಡೆ ಹಾಕಿದ ಒಂದು ಯೆನ್‌ಗೆ ಮಾತಿನ ಮೇಜಿನಲ್ಲಿ ಸಿಗುವ ಬೆಲೆ, ಬಾವುಟ ಹಚ್ಚಿದ ಹತ್ತು ಆಂಬುಲೆನ್ಸ್‌ಗಳಿಗೆ ಸಿಗುವುದಿಲ್ಲ.

ಮಾತ್ರೆ ಬಂತು, ಕೊಡುವವರು?

ಕೋಫುವಿನ ರೋಗ ಇಂದಿಗೂ ಆಫ್ರಿಕಾದ ಕೆರೆ ಮತ್ತು ನದಿಗಳ ದಂಡೆಯಲ್ಲಿದೆ. ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಒಳ್ಳೆಯ ಔಷಧ ದಶಕಗಳಿಂದ ಇದೆ. ಆದರೆ ಮಾತ್ರೆ ದೊಡ್ಡದು, ರುಚಿ ಕಹಿ. ಚಿಕ್ಕ ಮಗುವಿನ ಗಂಟಲಲ್ಲಿ ಇಳಿಯದು. ತಾಯಿಯ ಜೊತೆ ಬಟ್ಟೆ ಒಗೆಯುವ ಜಾಗಕ್ಕೆ ಹೋಗಿ ನೀರಿನಲ್ಲಿ ಆಡುವ ಮೂರು ವರ್ಷದ ಮಗುವಿಗೂ ರೋಗ ತಗಲುತ್ತದೆ, ಚಿಕಿತ್ಸೆ ಮಾತ್ರ ಶಾಲೆಗೆ ಸೇರುವ ವಯಸ್ಸಿನವರೆಗೆ ಕಾಯಬೇಕಿತ್ತು. ಜಪಾನಿನ ಆಸ್ಟೆಲಾಸ್ ಮತ್ತು ಜರ್ಮನಿಯ ಮೆರ್ಕ್ ಕಂಪನಿಗಳು ಪಾಲುಗೊಂಡ ಒಕ್ಕೂಟ, ಜಿಎಚ್‌ಐಟಿ ನಿಧಿಯ ನೆರವೂ ಸೇರಿ, ನೀರಿನಲ್ಲಿ ಕರಗುವ, ಕಹಿ ಕಡಿಮೆಯಾದ ಪುಟ್ಟ ಮಾತ್ರೆಯನ್ನು ಸಿದ್ಧಪಡಿಸಿತು. ಆರ್ಪ್ರಾಜಿಕ್ವಾಂಟೆಲ್ ಎಂಬ ಅದನ್ನು ಮೂರು ತಿಂಗಳ ಕೂಸಿನಿಂದ ಆರು ವರ್ಷದ ಮಗುವಿನವರೆಗೆ ಕೊಡಬಹುದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು, 2025ರಲ್ಲಿ ಉಗಾಂಡದ ಮಕ್ಕಳಿಗೆ ಕೊಡುವ ಕೆಲಸ ಆರಂಭವಾಯಿತು.

ಇಂಥ ಔಷಧಗಳನ್ನು ಗೋದಾಮಿನಿಂದ ಹಳ್ಳಿಗೆ ಒಯ್ಯುವ, ಹಂಚುವವರಿಗೆ ತರಬೇತಿ ಕೊಡುವ, ಮನೆಮನೆಯ ಲೆಕ್ಕ ಇಡುವ ಖರ್ಚಿನ ದೊಡ್ಡ ಭಾಗವನ್ನು 2006ರಿಂದ ಹೊತ್ತಿದ್ದು ಯುಎಸ್‌ಏಡ್‌ನ ನಿರ್ಲಕ್ಷಿತ ರೋಗಗಳ ಕಾರ್ಯಕ್ರಮ. ಅದು ಈಗ ಇಲ್ಲ. ಮಾತ್ರೆಯ ಸಂಶೋಧನೆಗೆ ಹಣ ಕೊಟ್ಟ ಜಪಾನ್ ಅದನ್ನು ಮಗುವಿನ ಬಾಯಿಗೆ ತಲುಪಿಸುವ ಕೊನೆಯ ಹತ್ತು ಮೈಲಿಯ ಖರ್ಚನ್ನೂ ಹೊರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಯಾವ ಶೃಂಗಸಭೆಯ ಘೋಷಣೆಯಲ್ಲೂ ಸಿಗುವುದಿಲ್ಲ. ಟೋಕಿಯೋದ ಮುಂದಿನ ಎರಡು ಮೂರು ಬಜೆಟ್‌ಗಳಲ್ಲಿ, ಆರೋಗ್ಯ ಅನುದಾನದ ಸಾಲಿನ ಎದುರು ಇರುವ ಅಂಕಿಯಲ್ಲಿ ಅದನ್ನು ಹುಡುಕಬೇಕು.